ಬಿಚ್ಚದ ಹೊಲಿಗೆ

ಕಾಜಕ್ಕನ ಕ್ಯಾಲಿಪರಿನ ತೊಡೆಪಟ್ಟಿ ಕಿತ್ತುಹೋದದ್ದು ಬೆಳಿಗ್ಗೆ, ಬಚ್ಚಲಿನ ಹೊಸ್ತಿಲು ದಾಟುವಾಗ. ಅದು ಇನ್ನೊಂದು ದಿನ ತಡೆದುಕೊಳ್ಳಬಹುದಿತ್ತು. ಹೊಸ ಕ್ಯಾಲಿಪರ್ ಕೊಡುತ್ತೇವೆ ಬನ್ನಿ ಎಂದು ಸರ್ಕಾರಿ ಆಸ್ಪತ್ರೆಯವರು ಕರೆದಿದ್ದ ದಿನವೇ ಕಿತ್ತುಕೊಂಡಿತು.

ಚಿಕ್ಕಂದಿನಲ್ಲಿ ಬಂದ ಪೋಲಿಯೋದಿಂದ ಅವಳ ಎಡಗಾಲು ಸೊರಗಿತ್ತು. ಕಾಲಿನ ಎರಡೂ ಬದಿಗೆ ಕಬ್ಬಿಣದ ಕಂಬಿ, ಅವನ್ನು ಬಿಗಿಯಲು ಚರ್ಮದ ಪಟ್ಟಿಗಳು, ಕೆಳಗೊಂದು ಬೂಟು: ಈ ಕ್ಯಾಲಿಪರ್ ಇಲ್ಲದೆ ಅವಳು ನಿಲ್ಲುವಂತಿರಲಿಲ್ಲ. ಈಗಿನದು ಅವಳು ಕಡ್ಡಿಯಂತಿದ್ದಾಗ ಕೊಟ್ಟದ್ದು. ವಯಸ್ಸಿನೊಂದಿಗೆ ಮೈ ತುಂಬಿಕೊಂಡಿತು, ಕಬ್ಬಿಣ ತುಂಬಿಕೊಳ್ಳಲಿಲ್ಲ. ಮೇಲಿನ ಬಳೆ ತೊಡೆಗೆ ಒತ್ತಿ ಒತ್ತಿ ಆದ ಹುಣ್ಣು ಮಾಯುವ ಲಕ್ಷಣವೇ ಇರಲಿಲ್ಲ.

ಅವಳು ಕೆಲಸ ಮಾಡುವುದು ದರ್ಜಿ ಅಂಗಡಿಯೊಂದರಲ್ಲಿ. ಮೂಲೆಯ ಸ್ಟೂಲಿನ ಮೇಲೆ ಕೂತು ಅಂಗಿಗಳಿಗೆ ಕಾಜಾ ಮಾಡುವುದು, ಗುಂಡಿ ಹಚ್ಚುವುದು. ಅದಕ್ಕೇ ಆ ಹೆಸರು. ಅವಳ ಕೈಗೆ ಬರುವ ಹೊತ್ತಿಗೆ ಅಂಗಿಯ ವಿಷಯದಲ್ಲಿ ಎಲ್ಲ ತೀರ್ಮಾನವೂ ಆಗಿಹೋಗಿರುತ್ತಿತ್ತು, ತೂತು ಮಾಡುವುದೊಂದೇ ಬಾಕಿ. ಒಂದು ಸಲವಾದರೂ ಮಡಿಕೆ ಬಿಚ್ಚದ ಬಟ್ಟೆಯನ್ನು ಮೇಜಿನ ಮೇಲೆ ಹರವಿ, ಸೀಮೆಸುಣ್ಣದಿಂದ ಗೆರೆ ಎಳೆದು ತಾನೇ ಕತ್ತರಿಸಬೇಕು ಎಂಬುದು ಅವಳು ಯಾರಿಗೂ ಹೇಳದ ಆಸೆ. ಹೇಳದಿದ್ದರೂ ಅಂಗಡಿಯ ದರ್ಜಿ ಮಾಸ್ತರಿಗೆ ಗೊತ್ತಿತ್ತು.

"ಹೊಸ ಕ್ಯಾಲಿಪರ್ ಹಾಕ್ಕೊಂಡು ಬಂದು ಮೇಜಿನ ಮುಂದೆ ನಿಂತ್ಕೋಮ್ಮ. ಕತ್ತರಿ ನಿನಗೇ ಕೊಡ್ತೀನಿ. ನಿನ್ನ ಕೈ ಮೇಲೆ ನಂಗೆ ನಂಬಿಕೆ ಇದೆ, ಕಾಲಿನ ಮೇಲೆ ಇಲ್ಲ ಅಷ್ಟೆ," ಎಂದಿದ್ದರು.

ಕಿತ್ತ ಪಟ್ಟಿಯನ್ನು ನೋಡಿ ಅತ್ತಿಗೆ ಹಣೆ ಚಚ್ಚಿಕೊಂಡಳು. "ಹಾಗೇ ಹೋಗು. ಮುರಿದದ್ದು ಮುರಿದ ಹಾಗೇ ಕಾಣಿಸ್ಲಿ."

ಅಷ್ಟರಲ್ಲಿ ಎದುರುಮನೆಯ ರೂಲ್ಸ್ ಮಾಮ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಒಳಗೆ ಬಂದರು. ನಿವೃತ್ತ ಗುಮಾಸ್ತರು. ಅವರನ್ನು ಯಾರೂ ಕರೆಯಬೇಕಾಗಿರಲಿಲ್ಲ. ಬೀದಿಯಲ್ಲಿ ಎಲ್ಲಿ ತೊಂದರೆಯಾದರೂ ಜಿರಲೆಗೆ ಬೆಲ್ಲದ ವಾಸನೆ ಬಡಿದಂತೆ ಅವರಿಗೆ ಬಡಿಯುತ್ತಿತ್ತು.

"ಹಾಗೇ ಹೋದ್ರೆ ಕೆಟ್ಟೆ ಅಂತ್ಲೇ ತಿಳ್ಕೋ," ಎಂದರು. "ಸರ್ಕಾರಿ ವಸ್ತು ಹಾಳು ಮಾಡಿದ್ದಾಳೆ ಅಂತ ಬರೀತಾರೆ. ಜೋಪಾನ ಮಾಡಿದವರಿಗೇ ಹೊಸದು ಕೊಡೋದು. ನೀಟಾಗಿ ಹೊಲ್ಕೊಂಡು ಹೋಗು."

"ನೀವಿದ್ದದ್ದು ನೀರಿನ ಕಂದಾಯದ ಆಫೀಸಲ್ಲಿ ಅಲ್ವಾ ಮಾಮ?" ಎಂದಳು ಅತ್ತಿಗೆ.

"ನೀರಾದ್ರೇನು, ಕಾಲಾದ್ರೇನು? ರೂಲ್ಸು ರೂಲ್ಸೇ ಕಣಮ್ಮ."

ಹೊರಗೆ ಆಟೋದವನು ಹಾರ್ನ್ ಒತ್ತುತ್ತಿದ್ದ. ಕಾಜಕ್ಕ ಪಟ್ಟಿಯನ್ನು ಲಂಗದ ಲಾಡಿಯಿಂದ ಕಟ್ಟಿಕೊಂಡು, ಸೂಜಿದಾರದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಆಗಲೇ ಜನ ತುಂಬಿದ್ದರು. ಅಳತೆ ಕೊಟ್ಟು ಎಷ್ಟೋ ಕಾಲವಾಗಿ, ಕೊಟ್ಟದ್ದನ್ನೇ ಮರೆತಿದ್ದವರು. ಈಗ ಅವರವರ ಅಳತೆಯ ಕ್ಯಾಲಿಪರು, ಬೂಟು, ಊರುಗೋಲುಗಳು ಬಂದಿವೆಯಂತೆ, ಒಳಗಿನ ಕೋಣೆಯಲ್ಲಿವೆಯಂತೆ. ಡಾಕ್ಟರು ಮಾತ್ರ ಬಂದಿರಲಿಲ್ಲ.

ಬೆಂಚಿನ ಅಂಚಿನಲ್ಲಿ ಜಾಗ ಸಿಕ್ಕಿತು. ಕಾಜಕ್ಕ ಸೆರಗನ್ನು ಮರೆ ಮಾಡಿಕೊಂಡು, ಮೇಣ ತಿಕ್ಕಿದ ದಪ್ಪ ದಾರದಿಂದ ಪಟ್ಟಿ ಹೊಲಿಯತೊಡಗಿದಳು. ಎರಡು ಟಾಕಾ ಹಾಕಿದರೆ ಸಾಕು ಎಂದುಕೊಂಡಿದ್ದಳು. ಆದರೆ ಅರೆಬರೆ ಹೊಲಿಗೆ ಅವಳ ಬೆರಳಿಗೆ ಬರುತ್ತಲೇ ಇರಲಿಲ್ಲ. ಜೋಡಿ ಹೊಲಿಗೆಯಾಗಿ, ತುದಿಗೆ ಗಂಟು ಬಿದ್ದು, ಪಟ್ಟಿ ಹೊಸದಕ್ಕಿಂತ ಗಟ್ಟಿಯಾಯಿತು.

ಪಕ್ಕದಲ್ಲಿ ಕೂತಿದ್ದ ಹೆಂಗಸು ಮಗಳನ್ನು ಮುಂದೆ ತಳ್ಳಿದಳು. "ಅಕ್ಕಾ, ಇವಳ ಬೂಟಿನ ಪಟ್ಟಿ ನೇತಾಡ್ತಿದೆ. ಡಾಕ್ಟ್ರ ಮುಂದೆ ಬಿದ್ದುಗಿದ್ದಾಳು. ಒಂಚೂರು..."

ಕಾಜಕ್ಕ ಹೊಲಿದಳು. ಅದನ್ನು ನೋಡಿದ ಮುದುಕರೊಬ್ಬರು ತಮ್ಮ ಊರುಗೋಲನ್ನು ಚಾಚಿದರು. ಕಂಕುಳಿಗೆ ಒತ್ತುವ ಮೆತ್ತೆ ಹರಿದು ಮರ ಹೊರಬಂದಿತ್ತು.

"ತಾಯೀ, ಎಷ್ಟು ವರ್ಷದಿಂದ ಕಂಕುಳು ಉರೀತಿದೆ ಗೊತ್ತಾ? ಮನೆಯಲ್ಲಿ ಮೂರು ಜನ ಸೊಸೆಯರು. ಮೂವರಿಗೂ ಸೂಜಿ ಕಂಡ್ರೆ ಹಾವು ಕಂಡ ಹಾಗೆ."

ಪಡಸಾಲೆಯೆಲ್ಲ ನಕ್ಕಿತು. ಆಮೇಲೆ ಅವಳ ಮುಂದೊಂದು ಸಾಲೇ ಬೆಳೆಯಿತು. ಬೆಲ್ಟು, ಬಕಲು, ಮೆತ್ತೆ, ಬೂಟಿನ ನಾಲಿಗೆ. ಯಾರೋ ನೀರು ತಂದುಕೊಟ್ಟರು, ಯಾರೋ ಫ್ಯಾನಿನ ಕೆಳಗಿನ ಜಾಗ ಬಿಟ್ಟುಕೊಟ್ಟರು. ಜೀವಮಾನವಿಡೀ ಒಂದಲ್ಲ ಒಂದು ಸಾಲಿನ ಕೊನೆಯಲ್ಲಿ ನಿಂತವಳು ಕಾಜಕ್ಕ. ಜನ ತನಗಾಗಿ ಸಾಲು ನಿಂತದ್ದನ್ನು ಅವಳು ಎಂದೂ ಕಂಡಿರಲಿಲ್ಲ. ತೊಡೆಯ ಹುಣ್ಣು ಸುಡುತ್ತಿದ್ದರೂ ಎದೆಯೊಳಗೆ ಏನೋ ತಣ್ಣಗೆ ಹರಿದಂತಾಯಿತು. ಹೀಗೂ ಇರುತ್ತದಲ್ಲ ಬದುಕು, ಎಂದುಕೊಂಡಳು.

ಡಾಕ್ಟರಮ್ಮ ಬಂದಾಗ ಮಧ್ಯಾಹ್ನ. ಜವಾನ ಬಾಗಿಲು ತೆರೆದು ಕೂಗುವ ಮೊದಲೇ ಮುದುಕರು ಊರುಗೋಲೆತ್ತಿ ಘೋಷಿಸಿದರು: "ಮೊದಲು ನಮ್ಮ ಅಕ್ಕ ಹೋಗ್ಲಿ!"

ಮದುವಣಗಿತ್ತಿಯನ್ನು ಕಳಿಸುವಂತೆ ಎಲ್ಲರೂ ಸೇರಿ ಅವಳನ್ನು ಒಳಗೆ ಕಳಿಸಿದರು.

ಡಾಕ್ಟರಮ್ಮ ಒಳ್ಳೆಯವರು, ಬಳಲಿದವರು. ಕ್ಯಾಲಿಪರನ್ನು ಎಳೆದು ನೋಡಿದರು, ಬಗ್ಗಿಸಿ ನೋಡಿದರು, ಹೊಲಿಗೆಯ ಮೇಲೆ ಬೆರಳಾಡಿಸಿದರು. "ಗಟ್ಟಿಯಾಗಿದೆಯಲ್ಲಮ್ಮ."

"ಹೌದು ಡಾಕ್ಟ್ರೇ, ಜೋಪಾನವಾಗಿ ಇಟ್ಕೊಂಡಿದ್ದೀನಿ," ಎಂದಳು ಕಾಜಕ್ಕ, ಮಾಮನನ್ನು ಮನಸ್ಸಿನಲ್ಲೇ ಹರಸುತ್ತ.

"ಹಾಗಾದ್ರೆ ಹೊಸದು ಕೊಡೋಕೆ ಬರಲ್ಲ. ಹಳೇದು ಪೂರ್ತಿ ಕೆಟ್ಟಿದ್ರೆ ಮಾತ್ರ ಕೊಡಿ ಅಂತ ಮೇಲಿನಿಂದ ಆದೇಶ ಆಗಿದೆ."

ಕಾಜಕ್ಕ ಹೊಲಿಗೆಯನ್ನು ಬೆರಳಿಟ್ಟು ತೋರಿಸಿದಳು. "ಬೆಳಿಗ್ಗೆ ಕಿತ್ತೇ ಹೋಗಿತ್ತು ಡಾಕ್ಟ್ರೇ! ಈಗ ಹೊರಗೆ ಕೂತು ಹೊಲಿದೆ."

"ಹೊಲಿಯೋಕೆ ಆಯ್ತಲ್ಲ? ರಿಪೇರಿ ಆಗುತ್ತೆ ಅಂತಾಯ್ತು."

ಸಂಕೋಚವನ್ನು ನುಂಗಿ ಅವಳು ತೊಡೆಯ ಹುಣ್ಣು ತೋರಿಸಿದಳು. ಡಾಕ್ಟರಮ್ಮ ಅದನ್ನು ನಿಜವಾದ ಮರುಕದಿಂದಲೇ ನೋಡಿದರು. "ತುಂಬಾ ನೋವಿರಬೇಕು. ಚರ್ಮದ ವಿಭಾಗಕ್ಕೆ ಹೋಗಿ, ಮುಲಾಮು ಕೊಡ್ತಾರೆ. ಏನ್ಮಾಡ್ಲಮ್ಮ, ಇವತ್ತು ನಾನು ನೋಡಬೇಕಾಗಿರೋದು ಕಾಲನ್ನಲ್ಲ, ಕ್ಯಾಲಿಪರನ್ನ."

"ಇದು ನಮ್ಮ ಹಕ್ಕು ಅಂತಾರಲ್ಲ?"

"ಹಕ್ಕೇ. ಯಾರು ಇಲ್ಲ ಅಂದ್ರು? ಮುಂದಿನ ಸಲ ಬನ್ನಿ."

"ಯಾವಾಗ?"

ಡಾಕ್ಟರಮ್ಮ ಕಿಟಕಿಯಾಚೆ ನೋಡಿ, "ಬಂದಾಗ," ಎಂದರು.

ಪಡಸಾಲೆಗೆ ಬಂದು ಕಾಜಕ್ಕ ನಡೆದದ್ದನ್ನು ಹೇಳಿದಳು. ಎಲ್ಲರೂ ಒಟ್ಟಿಗೇ ತಮ್ಮ ತಮ್ಮ ಪಟ್ಟಿಗಳಿಗೆ ಕೈಹಾಕಿ ಕೀಳತೊಡಗಿದರು.

ಕಿತ್ತುಬರಲಿಲ್ಲ. ಹಲ್ಲಿನಿಂದ ಎಳೆದರು, ಬೀಗದ ಕೈಯಿಂದ ಮೀಟಿದರು. ಕಾಜಕ್ಕ ತಾನೇ ಬಿಚ್ಚಿಕೊಡಲು ಹೋದಳು. ಅವಳ ಪುಟ್ಟ ಕತ್ತರಿ ಮೇಣದ ದಾರಕ್ಕೆ ಸಿಕ್ಕಿ ತಿರುಪೇ ಕಳಚಿತು. ಮುದುಕರು ಊರುಗೋಲನ್ನು ಗೋಡೆಗೆ ಬಡಿದರು. ಗೋಡೆಯ ಗಾರೆ ಉದುರಿತು, ಮೆತ್ತೆ ಅಲ್ಲಾಡಲಿಲ್ಲ.

"ಏನ್ರೀ ಇದು, ಆಸ್ಪತ್ರೇನ ಗೊಬ್ಬರದ ಗುಂಡಿನಾ?" ಎಂದು ಜವಾನ ಅಬ್ಬರಿಸಿ, ಒಬ್ಬೊಬ್ಬರನ್ನೇ ಒಳಗೆ ಬಿಡತೊಡಗಿದ. ಹೋದಷ್ಟೇ ಬೇಗ ಹೊರಗೆ ಬಂದರು. ಎಲ್ಲರದೂ ಗಟ್ಟಿಯಾಗಿತ್ತು.

"ನಿನ್ನನ್ನ ಯಾರೇ ಕೇಳಿದ್ದು ಹೊಲಿ ಅಂತ?" ಎಂದು ಸಿಡುಕಿದಳು ಬೂಟಿನ ಹುಡುಗಿಯ ತಾಯಿ. ಕೇಳಿದ್ದವಳು ಅವಳೇ. ಕಾಜಕ್ಕ ಹುಡುಗಿಯ ಪುಟ್ಟ ಕಾಲನ್ನೇ ನೋಡುತ್ತ ಡಬ್ಬಿಯ ಮುಚ್ಚಳ ಹಾಕಿದಳು.

ಮುದುಕರು ಬೈಯಲೂ ಇಲ್ಲ. ಅವಳತ್ತ ನೋಡದೆ ಹೋದರು. ಅದು ಬೈಗುಳಕ್ಕಿಂತ ಹೆಚ್ಚು ತಾಗಿತು.

ಪಡಸಾಲೆ ಖಾಲಿಯಾಯಿತು. ಎದ್ದು ಹೋಗುವಷ್ಟು ಶಕ್ತಿ ಬರಲಿ ಎಂದು ಅವಳೊಬ್ಬಳೇ ಕೂತಿದ್ದಾಗ ಜವಾನ ಬಂದ. ಅವನ ದನಿ ಬದಲಾಗಿತ್ತು.

"ಅಕ್ಕಾವ್ರೇ, ನಿಮ್ಮಿಂದ ಒಂದು ಉಪಕಾರ ಆಗ್ಬೇಕಲ್ಲ. ಬಂದ ಸಾಮಾನಿಗೆ ತಗೊಳ್ಳೋರೇ ಇಲ್ಲ ಅಂತಾಯ್ತು. ಸಂಜೆಯೊಳಗೆ ಉಗ್ರಾಣಕ್ಕೆ ವಾಪಸ್ ಕಳಿಸ್ಬೇಕು. ಚೀಲಗಳ ಬಾಯಿ ಹೊಲ್ಕೊಟ್ರೆ ಅವು ಹೋಗೋ ವ್ಯಾನಲ್ಲೇ ನಿಮ್ಮನ್ನೂ ಮನೆ ಹತ್ರ ಬಿಡ್ತೀವಿ."

ಒಲ್ಲೆ ಎನ್ನಬೇಕಿತ್ತು. ಆದರೆ ಕಾಲು ನಡೆಯುವ ಸ್ಥಿತಿಯಲ್ಲಿರಲಿಲ್ಲ.

ಒಳಕೋಣೆಯಲ್ಲಿ ಗೋಣಿಚೀಲಗಳು ನಿಂತಿದ್ದವು. ಒಂದರಲ್ಲಿ ಮೇಲಕ್ಕೇ ಇತ್ತು ಅವಳದು: ಅವಳ ಹೆಸರಿನ ಚೀಟಿ, ಹೊಳೆಯುವ ಕಂಬಿ, ಅಗಲವಾದ ಬಳೆ, ಒಳಗೆ ಮೆತ್ತನೆಯ ಚರ್ಮ. ಅವಳು ಅದನ್ನು ಮುಟ್ಟಿದಳು. "ಒಂದೇ ಒಂದ್ಸಲ ಹಾಕ್ಕೊಂಡು ನಿಂತು ನೋಡ್ಲಾ?"

"ಅಯ್ಯೋ ಬೇಡಿ. ಬಳಸಿದ್ದು ಅಂತಾಗುತ್ತೆ. ಉತ್ತರ ಹೇಳೋನು ನಾನು."

ಅವಳು ಜವಾನ ಕೊಟ್ಟ, ಗೋಣಿ ಹೊಲಿಯುವ ದಬ್ಬಳ ಹಿಡಿದಳು. ಹಿಡಿದ ಗಳಿಗೆಯಲ್ಲೇ ಅವಳಿಗೊಂದು ಉಪಾಯ ಹೊಳೆಯಿತು. ತನ್ನದಿರುವ ಈ ಚೀಲವನ್ನು ಸಡಿಲವಾಗಿ ಹೊಲಿಯಬೇಕು. ಎತ್ತುವಾಗ ಬಾಯಿ ಬಿಚ್ಚಬೇಕು, ಸಾಮಾನು ಚೆಲ್ಲಬೇಕು, ಗಲಾಟೆಯಲ್ಲಿ ಒಂದು ಕ್ಯಾಲಿಪರ್ ಯಾರ ಸೆರಗಿನಡಿಗೆ ಹೋಯಿತೆಂದು ಯಾರು ನೋಡುತ್ತಾರೆ? ಜೀವನದಲ್ಲಿ ಮೊದಲ ಬಾರಿಗೆ ಕೆಟ್ಟ ಹೊಲಿಗೆ ಹಾಕಲು ಕಾಜಕ್ಕ ಹಲ್ಲುಕಚ್ಚಿ ಕೂತಳು. ದೂರ ದೂರ ಚುಚ್ಚಿದೆ, ದಾರ ಬಿಗಿಯದೆ ಬಿಟ್ಟೆ, ಗಂಟೂ ಹಾಕಲಿಲ್ಲ ಎಂದುಕೊಂಡು ಎದ್ದಳು.

ವ್ಯಾನಿನ ಆಳು ಚೀಲವನ್ನು ಹೆಗಲಿಗೇರಿಸಿದ. ಬಾಗಿಲ ಮೆಟ್ಟಿಲಲ್ಲಿ ಅವನ ಕಾಲು ತಡವರಿಸಿತು. ಚೀಲ ಅವಳ ಎದುರಿಗೇ ದೊಪ್ಪನೆ ಬಿತ್ತು. ಕಾಜಕ್ಕ ಸೆರಗು ಸಜ್ಜು ಮಾಡಿಕೊಂಡು ಮುಂದಕ್ಕೆ ಬಾಗಿದಳು.

ಜವಾನ ಚೀಲವನ್ನು ಹೊಲಿಗೆಯಿಂದಲೇ ಹಿಡಿದೆತ್ತಿ ಕುಲುಕಿ ನೋಡಿದ. "ಭಲೇ! ಒಂದೆಳೆ ಬಿಟ್ಟಿದ್ರೆ ಕೇಳಿ!"

ಅವಳು ನಂಬದೆ ತನ್ನ ಬೆರಳುಗಳನ್ನು ನೋಡಿಕೊಂಡಳು. ಗಂಟು ಯಾವಾಗ ಹಾಕಿದವೋ, ಅವಕ್ಕೇ ಗೊತ್ತು.

ವ್ಯಾನಿನ ಹಿಂಭಾಗದಲ್ಲಿ ಕೂರಲು ಬೇರೆ ಜಾಗವಿರಲಿಲ್ಲ. ಕಾಜಕ್ಕ ಆ ಚೀಲದ ಮೇಲೆಯೇ ಕೂತಳು. ಗಾಡಿ ಹೊರಟಿತು. ಪ್ರತಿ ಗುಂಡಿಗೂ ಒಳಗಿನ ಹೊಸ ಕಂಬಿ ಗೋಣಿಯನ್ನು ಮೇಲಕ್ಕೆ ನೂಕಿ, ಹುಣ್ಣಿಲ್ಲದ ಬಲತೊಡೆಗೆ ಒತ್ತತೊಡಗಿತು.