ಹತ್ತೇ ನಿಮಿಷಕ್ಕೆ ಸುಸ್ತಾಗುವ ಎಂಜಿನ್ ಸಾಹೇಬರಿಗೆ

ಇವರಿಗೆ,
ಶ್ರೀಮಾನ್ ಎಂಜಿನ್ ಸಾಹೇಬರು,
ನಮ್ಮ ಸೆಕೆಂಡ್ ಹ್ಯಾಂಡ್ ದೋಣಿಯ ಹಿಂಬದಿ,
ದೋಣಿಕಟ್ಟೆ, ಎಡದಿಂದ ನಾಲ್ಕನೇ ಗೂಟ.

ಮಾನ್ಯರೇ,

ತಮ್ಮ ನಟ್ಟು ಬೋಲ್ಟುಗಳೆಲ್ಲ ಕ್ಷೇಮವಾಗಿವೆಯೆಂದು ನಂಬಿ, ತಮ್ಮನ್ನು ಹೊತ್ತಿರುವ ದೋಣಿಯ ಹಾಲಿ ಮಾಲೀಕನಾದ ನಾನು ಮಾಡುವ ಅನಂತ ನಮಸ್ಕಾರಗಳು. ಈ ಪತ್ರವನ್ನು ದೋಣಿಕಟ್ಟೆಯ ಸೂಚನಾ ಫಲಕಕ್ಕೆ ಅಂಟಿಸುತ್ತಿರುವುದಕ್ಕೆ ತಾವು ಬೇಸರ ಮಾಡಿಕೊಳ್ಳಬಾರದು. ಕಳೆದ ಎರಡು ತಿಂಗಳಲ್ಲಿ ನಮ್ಮಿಬ್ಬರ ಸಂಬಂಧದ ಏರುಪೇರುಗಳನ್ನು ಇಡೀ ಸರೋವರವೇ ನೋಡಿ ಆನಂದಿಸಿರುವುದರಿಂದ ಇನ್ನು ಗುಟ್ಟು ಮಾಡಿ ಪ್ರಯೋಜನವಿಲ್ಲ.

ಮೊದಲಿಗೆ ತಮ್ಮ ಗುಣಗಾನ. ತಮ್ಮನ್ನು ನನಗೆ ದಾಟಿಸಿದ ಹಿಂದಿನ ಮಾಲೀಕರು, "ಬೆಣ್ಣೆ ಥರ ಓಡುತ್ತೆ ಸಾರ್, ಕೂತವರಿಗೆ ನಿದ್ದೆ ಬಂದುಬಿಡುತ್ತೆ" ಎಂದಿದ್ದರು. ಅವರ ಮಾತು ಮುಕ್ಕಾಲು ಪಾಲು ನಿಜ; ನಿದ್ದೆ ಬರುತ್ತಿದ್ದುದು ತಮಗೆ ಎಂಬುದೊಂದೇ ವ್ಯತ್ಯಾಸ. ಕಟ್ಟೆಯ ಪಕ್ಕದಲ್ಲಿ ದಾರವನ್ನು ಒಮ್ಮೆ ಎಳೆದರೆ ಸಾಕು, ಶಾಲಾ ವಾರ್ಷಿಕೋತ್ಸವಕ್ಕೆ ಬಂದ ಮುಖ್ಯ ಅತಿಥಿಯ ಹಾಗೆ ತಾವು ಗುಡುಗಲು ಶುರುಮಾಡುತ್ತೀರಿ. ಕಟ್ಟೆ ಕಣ್ಣಿಗೆ ಮಸುಕಾಗುವಷ್ಟು ದೂರ ಹೋದೆವೋ ಇಲ್ಲವೋ, ಸರಿಯಾಗಿ ಹತ್ತನೇ ನಿಮಿಷಕ್ಕೆ ತಮ್ಮ ದನಿ ಇಳಿಯುತ್ತದೆ, ಎರಡು ಸಲ ಕೆಮ್ಮು ಬರುತ್ತದೆ, ದೋಣಿ ತೆವಳುತ್ತದೆ, ಆಮೇಲೆ ಮೌನ. ಮೊದಲನೇ ಸಲ ಹೀಗಾದಾಗ ಬಾತುಕೋಳಿಯೊಂದು ತನ್ನ ಏಳು ಮರಿಗಳೊಂದಿಗೆ ನಮ್ಮನ್ನು ಹಿಂದಿಕ್ಕಿ ಹೋಯಿತು, ಕೊನೆಯ ಮರಿ ಒಮ್ಮೆ ತಿರುಗಿಯೂ ನೋಡಿತು. ಅದರ ಮುಖ ನನಗಿನ್ನೂ ನೆನಪಿದೆ.

ಇದು ಬರೀ ಮೋಜಿನ ವಿಷಯವಾಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ತಾಯಿ ಹೋದ ಮೇಲೆ ನನ್ನನ್ನು ಸಾಕಿ ಬೆಳೆಸಿದ ಅಕ್ಕ ಈ ಸರೋವರದ ದಡದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಲವತ್ತು ವರ್ಷ ಅಡುಗೆ ಮಾಡಿದವಳು. ಒಲೆಯ ಮುಂದೆ ನಿಂತಾಗಲೆಲ್ಲ ಅವಳ ಕಣ್ಣಿಗೆ ಬೀಳುತ್ತಿದ್ದುದು ಆಚೆಗಿರುವ ನಡುಗಡ್ಡೆ. ಅಲ್ಲಿಗೆ ಯಾವ ಸಾರ್ವಜನಿಕ ದೋಣಿಯೂ ಹೋಗುವುದಿಲ್ಲ. ನಾನು ಒಂಬತ್ತು ವರ್ಷದವನಿದ್ದಾಗ, ದೊಡ್ಡವನಾದ ಮೇಲೆ ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ದೊಡ್ಡವನಾಗಲು ನನಗೆ ಐವತ್ತೆರಡು ವರ್ಷ ಹಿಡಿಯಿತು. ಈಗ ಬರುವ ತಿಂಗಳು ಅವಳ ಎರಡೂ ಮಂಡಿಗಳಿಗೆ ಶಸ್ತ್ರಚಿಕಿತ್ಸೆ, ಆಮೇಲೆ ದೋಣಿ ಹತ್ತುವ ಇಳಿಯುವ ಸರ್ಕಸ್ಸನ್ನು ಮರೆತುಬಿಡಿ ಎಂದು ವೈದ್ಯರು ಖಡಾಖಂಡಿತವಾಗಿ ಹೇಳಿದ್ದಾರೆ. ಆದ್ದರಿಂದ ತಾವು ಕೆಮ್ಮಿದ ಪ್ರತಿಯೊಂದು ಸಲವೂ ನಾನು ಕ್ಯಾಲೆಂಡರಿನಲ್ಲಿ ಉಳಿದ ದಿನಗಳನ್ನು ಎಣಿಸಿದ್ದೇನೆ.

ತಮ್ಮ ಆರೋಗ್ಯದ ವಿಷಯದಲ್ಲಿ ನಾನು ಕೈಕಟ್ಟಿ ಕೂತಿರಲಿಲ್ಲ ಎಂಬುದಕ್ಕೆ ತಾವೇ ಸಾಕ್ಷಿ. ಮೆಕ್ಯಾನಿಕ್ಕು ತಮ್ಮನ್ನು ಬಿಚ್ಚಿಕೊಂಡು ಹೋಗಿ ಪ್ಲಗ್ಗು ಬದಲಾಯಿಸಿದ, ಫಿಲ್ಟರ್ ಬದಲಾಯಿಸಿದ, ಕಾರ್ಬೊರೇಟರನ್ನು ಮೂರು ಸಲ ತೊಳೆದ. ತನ್ನ ಅಂಗಡಿಯ ನೀರಿನ ತೊಟ್ಟಿಯಲ್ಲಿ ತಮ್ಮನ್ನು ಇಳಿಬಿಟ್ಟು, ತನ್ನದೇ ಡಬ್ಬಿಯ ಪೆಟ್ರೋಲ್ ಕುಡಿಸಿ ಒಂದು ಗಂಟೆ ಓಡಿಸಿದಾಗ ತಾವು ಒಂದೇ ಒಂದು ಸಲವೂ ತಡವರಿಸಲಿಲ್ಲ. "ಇದಕ್ಕೇನೂ ಆಗಿಲ್ಲ ಸಾರ್, ನಿಮ್ಮನ್ನ ಕಂಡರೆ ಆಗಲ್ಲ ಅಷ್ಟೇ" ಎಂದು ಆತ ತೀರ್ಪು ಕೊಟ್ಟ. ಪಕ್ಕದ ದೋಣಿಯ ದಂತವೈದ್ಯರು ತಮ್ಮ ಪ್ರೊಪೆಲ್ಲರಿನ ಎಲೆಗಳನ್ನು ಒಂದೊಂದಾಗಿ ತಟ್ಟಿ ನೋಡಿ, ಒಂದರಲ್ಲಿ ಹುಳುಕಿದೆ ಎಂದರು, ಅದನ್ನೂ ಬದಲಾಯಿಸಿದ್ದಾಯಿತು. ಮೂರೂ ಸಲ ನಮ್ಮನ್ನು ನಡುನೀರಿನಿಂದ ಎಳೆದು ತಂದವರು ಅವರೇ. ಮೂರನೇ ಸಲದ ಹೊತ್ತಿಗೆ, ನಾವು ಹೊರಡುವುದನ್ನು ಕಂಡ ಕೂಡಲೇ ಅವರು ಚಹಾ ಅರ್ಧಕ್ಕೇ ಬಿಟ್ಟು ಹಗ್ಗ ಸುತ್ತಿಕೊಳ್ಳಲು ಶುರುಮಾಡುತ್ತಿದ್ದರು.

ಈ ಹಿನ್ನೆಲೆಯಲ್ಲಿ ತಮ್ಮಲ್ಲಿ ನನ್ನ ಕೆಲವು ಅತಿ ಸಣ್ಣ ಬೇಡಿಕೆಗಳಿವೆ. ಇನ್ನು ಮುಂದೆ ತಮಗೆ ನಿಲ್ಲುವ ಮನಸ್ಸಾದರೆ ಹದಿನೈದು ದಿನ ಮುಂಚಿತವಾಗಿ ಲಿಖಿತ ನೋಟಿಸು ಕೊಡಬೇಕು; ನಿಲ್ಲಲೇಬೇಕಾದರೆ ದಂತವೈದ್ಯರ ಕಣ್ಣಿಗೆ ಬೀಳದ ಕಡೆ ನಿಲ್ಲಬೇಕು; ಹೊಟ್ಟೆಯಲ್ಲಿ ಸಂಕಟವಾದಾಗ ಕೆಮ್ಮುವ ನಾಟಕ ಬಿಟ್ಟು, ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ, ಯಾವ ಭಾಗಕ್ಕೆ ಏನಾಗಿದೆಯೆಂದು ಬಾಯಿಬಿಟ್ಟು ಹೇಳಬೇಕು. ಈ ಕೊನೆಯದನ್ನು ತಾವು ಮೊದಲೇ ಮಾಡಿದ್ದರೆ ಮುಂದಿನದನ್ನು ಬರೆಯುವ ಅವಮಾನ ನನಗೆ ತಪ್ಪುತ್ತಿತ್ತು.

ಏಕೆಂದರೆ ಮುಂದಿನ ಭಾಗವನ್ನು ನಾನು ಸ್ವಂತ ಇಚ್ಛೆಯಿಂದ ಬರೆಯುತ್ತಿಲ್ಲ. ಎದುರಿನ ಕುರ್ಚಿಯಲ್ಲಿ ಅಕ್ಕ ಕಾಲು ಚಾಚಿ ಕೂತಿದ್ದಾಳೆ, "ಅದನ್ನೂ ಬರಿ, ನುಂಗಬೇಡ" ಎನ್ನುತ್ತಿದ್ದಾಳೆ.

ನಾನು ಮೂವತ್ತೊಂದು ವರ್ಷ ಶರಬತ್ತಿನ ಕಾರ್ಖಾನೆಯಲ್ಲಿ ಮುಚ್ಚಳ ಪರೀಕ್ಷಕನಾಗಿದ್ದೆ. ನನ್ನ ಮೇಜಿನ ಮೇಲೆ ಹಾದುಹೋದ ಒಂದೇ ಒಂದು ಬಾಟಲಿಯ ಮುಚ್ಚಳ ಸಡಿಲವಿತ್ತು ಎಂದು ಯಾರೂ ಬೆರಳು ತೋರಿಸಿಲ್ಲ. ಸಡಿಲ ಮುಚ್ಚಳ ಕಂಡರೆ ನನ್ನ ಕೈ ತಾನಾಗಿಯೇ ಹೋಗುತ್ತದೆ. ಪರರ ಮನೆಗೆ ಊಟಕ್ಕೆ ಹೋದಾಗಲೂ ಉಪ್ಪಿನ ಡಬ್ಬಿ ಬಿಗಿ ಮಾಡಿಯೇ ಎದ್ದು ಬರುವವನು ನಾನು. ತಮ್ಮ ಪೆಟ್ರೋಲ್ ಡಬ್ಬಿಯ ಮುಚ್ಚಳದ ನೆತ್ತಿಯ ಮೇಲೆ ಒಂದು ಪುಟ್ಟ ತಿರುಪು ಇದೆ. ತಾವು ಓಡುವಾಗ ಅದನ್ನು ಸಡಿಲ ಬಿಡಬೇಕಂತೆ, ಪೆಟ್ರೋಲ್ ಖಾಲಿಯಾದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕಂತೆ, ಇಲ್ಲದಿದ್ದರೆ ಡಬ್ಬಿ ಪೆಟ್ರೋಲನ್ನು ಹೊರಗೆ ಬಿಡದೆ ಹಿಡಿದುಕೊಳ್ಳುತ್ತದಂತೆ. ಇದು ನನಗೆ ಹೇಗೆ ಗೊತ್ತಾಗಬೇಕು? ಮೊದಲ ಸಲ ಹೊರಡುವ ಮುನ್ನ ಅದು ಸಡಿಲವಾಗಿರುವುದನ್ನು ಕಂಡು, ಹಿಂದಿನ ಮಾಲೀಕರ ಬೇಜವಾಬ್ದಾರಿತನಕ್ಕೆ ತಲೆ ಚಚ್ಚಿಕೊಂಡು, ನಾನು ಅದನ್ನು ಬಿಗಿದೆ, ಆಮೇಲೆ ಪ್ರತಿ ಸಲವೂ ಇನ್ನಷ್ಟು ಬಿಗಿಯುತ್ತಿದ್ದೆ. ಸಾಲದೆಂದು ಒಂದು ರಬ್ಬರ್ ಉಂಗುರವನ್ನೂ ಹಾಕಿದ್ದೆ. ದಡಕ್ಕೆ ಬಂದು ಮುಚ್ಚಳ ತೆಗೆದಾಗಲೆಲ್ಲ ಡಬ್ಬಿ ಉಸ್ಸೆನ್ನುತ್ತಿತ್ತು. ಪಾಪ, ಅದಕ್ಕೂ ನನ್ನಷ್ಟೇ ಬೇಸರವಾಗಿದೆ ಎಂದುಕೊಳ್ಳುತ್ತಿದ್ದೆ.

ಮೊನ್ನೆ ನಾಲ್ಕನೇ ಸಲ ಹೊರಟಾಗ ಮಂಡಿ ಮಡಚಲಾರದ ಅಕ್ಕ ಹಿಂದೆ ಬಂದು ಕೂತು, ಕಾಲು ನೀಡಿ ಹಿಮ್ಮಡಿಯನ್ನು ಆ ಡಬ್ಬಿಗೆ ಆನಿಸಿದ್ದಳು. ತಾವು ವಾಡಿಕೆಯಂತೆ ಹತ್ತನೇ ನಿಮಿಷಕ್ಕೆ ಕೆಮ್ಮಿದಿರಿ. ನಾನು ತಮ್ಮ ಬಗ್ಗೆ ಇಲ್ಲಿ ಬರೆಯಲಾಗದ ಮಾತುಗಳನ್ನಾಡುತ್ತಾ ದಾರ ಎಳೆಯುತ್ತಿದ್ದಾಗ ಅಕ್ಕ, "ಲೋ, ಅದನ್ನ ಬಿಟ್ಟು ಇಲ್ಲಿ ನೋಡು, ಡಬ್ಬಿ ಕೆನ್ನೆ ಒಳಗೆ ಹೋಗಿದೆ" ಎಂದಳು. ನಾನು ನೋಡುವಷ್ಟರಲ್ಲಿ ಅವಳೇ ಬಗ್ಗಿ ಆ ತಿರುಪನ್ನು ಎರಡು ಸುತ್ತು ತಿರುಗಿಸಿ, ನನ್ನ ರಬ್ಬರ್ ಉಂಗುರವನ್ನು ಕಿತ್ತು ನೀರಿಗೆಸೆದಳು. ಡಬ್ಬಿ ಡಬಕ್ಕೆಂದು ಉಬ್ಬಿತು. "ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೀತಾರೇನೋ? ಒಂದು ಎಣ್ಣೆ ಬರೋಕೆ, ಇನ್ನೊಂದು ಗಾಳಿ ಹೋಗೋಕೆ. ನಲವತ್ತು ವರ್ಷ ದಿನಾ ಬೆಳಗ್ಗೆ ಅದನ್ನೇ ಮಾಡಿದೀನಿ. ಕೇಳಿದ್ರೆ ಹೇಳ್ತಿರಲಿಲ್ವಾ?" ನಾನು ಕೇಳಿರಲಿಲ್ಲ. ಮೆಕ್ಯಾನಿಕ್ಕನ್ನು ಕೇಳಿದ್ದೆ, ಹಲ್ಲು ಕೀಳುವವರನ್ನು ಕೇಳಿದ್ದೆ.

ಆಮೇಲೆ ತಾವು ತೋರಿಸಿದ ಹುಮ್ಮಸ್ಸನ್ನು ಏನೆಂದು ಬಣ್ಣಿಸಲಿ! ಹತ್ತು ನಿಮಿಷ ಕಳೆಯಿತು, ಹದಿನೈದು ಕಳೆಯಿತು, ನಡುಗಡ್ಡೆ ದೊಡ್ಡದಾಗುತ್ತಾ ಬಂತು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಒಂದಷ್ಟು ಬಂಡೆ, ಮೊಣಕಾಲೆತ್ತರದ ಹುಲ್ಲು, ಎಲ್ಲೆಲ್ಲೂ ಹಕ್ಕಿಗಳ ಹಿಕ್ಕೆ. ಅಕ್ಕ ನನ್ನ ಭುಜಕ್ಕೆ ತನ್ನ ಪೂರ್ತಿ ಭಾರ ಹಾಕಿ ಇಳಿದಳು, ಹನ್ನೊಂದು ಹೆಜ್ಜೆ ನಡೆದಳು, ಒಂದು ಬಂಡೆಯ ಮೇಲೆ ಕೂತು ಅರ್ಧ ಗಂಟೆ ಆಚೆ ದಡದ ಕಾರ್ಖಾನೆಯನ್ನೇ ನೋಡಿದಳು. ಕಡೆಗೆ, "ಬಂದೇ ಬಿಟ್ವಲ್ಲೋ" ಎಂದು ಮುಂಗೈಯಿಂದ ಕಣ್ಣೊರೆಸಿಕೊಂಡಳು. ನನಗೂ ಅಳು ಬಂತು.

ಇಷ್ಟಾದರೂ ನನ್ನ ದೂರನ್ನು ನಾನು ಹಿಂದಕ್ಕೆ ಪಡೆಯುವುದಿಲ್ಲ. ಉಸಿರು ಕಟ್ಟಿಸಿದವನು ನಾನೇ ಇರಬಹುದು, ಆದರೆ ಎರಡು ತಿಂಗಳು ಸುಮ್ಮನೆ ಕಟ್ಟಿಸಿಕೊಂಡವರು ತಾವು. ತಪ್ಪನ್ನು ಸಮಪಾಲು ಹಂಚಿಕೊಳ್ಳೋಣವೆಂದು ವಿನಂತಿ.

ತಮ್ಮ ಡಬ್ಬಿಯ ಹತ್ತಿರ ಸುಳಿಯದಂತೆ ಮನೆಯಿಂದ ಕಟ್ಟಪ್ಪಣೆಯಾಗಿರುವ,
ತಮ್ಮ ವಿಶ್ವಾಸಿ,
ನಿವೃತ್ತ ಮುಚ್ಚಳ ಪರೀಕ್ಷಕ

ತಾ.ಕ.: ಇದನ್ನು ಅಕ್ಕನ ಕನ್ನಡಕಕ್ಕೆ ಎಟುಕದಷ್ಟು ಚಿಕ್ಕ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಆ ದಿನ ಮರಳಿ ಬರುವಾಗ ತಾವು ನಡುನೀರಿನಲ್ಲಿ, ದಂತವೈದ್ಯರ ಕಣ್ಣಿಗೆ ಬೀಳದಷ್ಟು ದೂರದಲ್ಲಿ, ಮತ್ತೆ ನಿಂತಿರಿ. ಅಕ್ಕ ಒಂದು ಹುಟ್ಟು, ನಾನೊಂದು ಹುಟ್ಟು ಹಾಕಿಕೊಂಡು ಎರಡು ಗಂಟೆ ಬಂದೆವು. ಸೌಟು ತಿರುಗಿಸಿದ ಅವಳ ತೋಳಿನ ಬಲಕ್ಕೆ ನನ್ನದು ಸಾಟಿಯಾಗದೆ ದೋಣಿ ದಾರಿಯುದ್ದಕ್ಕೂ ನನ್ನ ಕಡೆಗೇ ತಿರುಗುತ್ತಿತ್ತು. ಎಂಜಿನ್ನಿಗೆ ವಯಸ್ಸಾಯಿತು, ಅದರದ್ದೇ ತಪ್ಪು ಎಂದು ಅವಳಿಗೆ ಹೇಳಿದ್ದೇನೆ. ತಾವು ಹತ್ತು ನಿಮಿಷಕ್ಕಿಂತ ಹೆಚ್ಚು ಓಡುವವರಲ್ಲ ಎಂಬ ನಂಬಿಕೆಯ ಮೇಲೆ ಹೋಗಿಬರುವಷ್ಟು ಪೆಟ್ರೋಲನ್ನೇ ನಾನು ತುಂಬಿಸಿರಲಿಲ್ಲ ಎಂಬುದು ತಮಗೆ ಗೊತ್ತು. ಬಾಯಿಬಿಟ್ಟು ಹೇಳಬೇಕೆಂಬ ನನ್ನ ಮೇಲಿನ ಬೇಡಿಕೆಯನ್ನು ದಯವಿಟ್ಟು ರದ್ದಾಗಿದೆ ಎಂದು ತಿಳಿಯಿರಿ.