ಚಿಕ್ಕಪ್ಪನ ಒಂದು ಸಹಿಗೆ ಆರು ವಾರ

ನಮ್ಮೂರಿನ ರಾಜಕೀಯ ಪಕ್ಷಗಳೆಲ್ಲ ಒಗ್ಗಟ್ಟಾಗಿ ಹೆದರುವುದು ಒಬ್ಬರಿಗೇ. ಅವರು ನನ್ನ ಚಿಕ್ಕಪ್ಪ! ಉತ್ಪ್ರೇಕ್ಷೆ ಅನ್ನಿಸಿತೆ? ಹಾಗಾದರೆ ಚುನಾವಣೆಯ ಸಮಯದಲ್ಲಿ ಒಮ್ಮೆ ನಮ್ಮ ಬೀದಿಗೆ ಬನ್ನಿ. ಇಂಗ್ಲೆಂಡಿನ ಕೊವೆಂಟ್ರಿಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಕರಪತ್ರ ಹಂಚುವವರು ಹನ್ನೆರಡನೇ ನಂಬರಿನ ಮನೆಗೆ ನಗುನಗುತ್ತಾ ಹೋಗುತ್ತಾರೆ, ಹದಿನಾರಕ್ಕೂ ನಗುನಗುತ್ತಾ ಬರುತ್ತಾರೆ. ನಡುವಿನ ಹದಿನಾಲ್ಕರ ಮುಂದೆ ಮಾತ್ರ ತಲೆ ತಗ್ಗಿಸಿಕೊಂಡು ಬಿರಬಿರನೆ ದಾಟಿಬಿಡುತ್ತಾರೆ. ಹದಿನಾಲ್ಕು ಚಿಕ್ಕಪ್ಪನ ಮನೆ. ಹದಿನಾರು ನಮ್ಮದು, ಹಾಗಾಗಿ ಇದನ್ನೆಲ್ಲ ನಾನು ಕಿಟಕಿಯಿಂದ ಕಣ್ಣಾರೆ ನೋಡಿದ್ದೇನೆ.

ಬಾಗಿಲಲ್ಲಿ ನಿಂತು ಎರಡು ಮಾತಾಡಿ ಕಳಿಸುವುದು ಚಿಕ್ಕಪ್ಪನ ಜಾಯಮಾನವಲ್ಲ. ವೋಟು ಕೇಳಲು ಬಂದವರು ಶೂ ಬಿಚ್ಚಬೇಕು, ಒಳಗೆ ಬರಬೇಕು, ಉಪ್ಪಿಟ್ಟು ತಿನ್ನಬೇಕು. ಆಮೇಲೆ ವಿಚಾರಣೆ ಶುರು! ಅವರು ಕಾರು ಕಾರ್ಖಾನೆಯಲ್ಲಿ ಬ್ರೇಕು ಪರೀಕ್ಷೆ ಮಾಡುವ ಎಂಜಿನಿಯರ್ ಆಗಿದ್ದವರು. ಬೇರೆಯವರು ಮಾಡಿದ ಕೆಲಸವನ್ನು ಅನುಮಾನಿಸುವುದಕ್ಕೇ ಜೀವಮಾನವೆಲ್ಲ ಸಂಬಳ ಪಡೆದವರು. ರಸ್ತೆಗುಂಡಿಯಿಂದ ಹಿಡಿದು ಜಿಪಿ ಡಾಕ್ಟರ ಅಪಾಯಿಂಟ್‌ಮೆಂಟಿನ ತನಕ ಕೇಳುತ್ತಾ ಹೋಗುತ್ತಾರೆ. ಒಂದು ಸಲ ಕೌನ್ಸಿಲ್ ಚುನಾವಣೆಗೆ ನಿಂತ ಹೆಂಗಸೊಬ್ಬರು ಹನ್ನೊಂದಕ್ಕೆ ಒಳಗೆ ಹೋದವರು ಮಧ್ಯಾಹ್ನ ಒಂದು ಗಂಟೆಯಾದರೂ ಹೊರಗೆ ಬರಲಿಲ್ಲ. ಗಾಬರಿಯಾಗಿ ಹೋಗಿ ನೋಡಿದರೆ ಆಯಮ್ಮ ಸೋಫಾದಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಾರೆ!

‘ಏನ್ ಚಿಕ್ಕಪ್ಪ ಇದು?’ ಅಂದೆ.

‘ಇವ್ರ ಪಕ್ಷದ ನಿಲುವು ನಂಗೆ ಒಪ್ಪಿಗೆ ಇಲ್ಲ ಕಣೇ. ಆದ್ರೆ ಬಟಾಣಿ ಚೆನ್ನಾಗಿ ಬಿಡಿಸ್ತಾರೆ’ ಅಂದರು, ಅವರೆದುರಿಗೇ, ಕನ್ನಡದಲ್ಲಿ. ಆಯಮ್ಮ ಪಾಪ, ಹೊಗಳಿಕೆ ಅಂದುಕೊಂಡು ಥ್ಯಾಂಕ್ಯೂ ಅಂದರು. ವೋಟು ಸಿಗಲಿಲ್ಲ.

ವೋಟು ಸಿಕ್ಕಿದ್ದು ನಮ್ಮ ಎಂಪಿಗೆ. ಮೊದಲ ಸಲ ಚುನಾವಣೆಗೆ ನಿಂತಾಗ ಅವನೂ ಹದಿನಾಲ್ಕಕ್ಕೆ ಬಂದಿದ್ದ. ಶೂ ಬಿಚ್ಚಿದರೆ ಕಾಲ್ಚೀಲದಲ್ಲಿ ಹೆಬ್ಬೆರಳು ಹೊರಗೆ! ‘ತೂತು ಕಾಣತ್ತೆ ಅಂತ ಗೊತ್ತಿದ್ರೂ ಶೂ ಬಿಚ್ಚಿದ ನೋಡು, ಮುಚ್ಚುಮರೆ ಇಲ್ಲದ ಮನುಷ್ಯ’ ಎಂದು ಚಿಕ್ಕಪ್ಪ ತೀರ್ಪು ಕೊಟ್ಟರು. ಬ್ರಿಟಿಷ್ ಪ್ರಜಾಪ್ರಭುತ್ವ ನಮ್ಮ ಮನೆಯಲ್ಲಿ ನಿಂತಿರುವುದು ಇಂಥ ತಳಹದಿಯ ಮೇಲೆ.

ಹೀಗೆ ಬೇರೆಯವರನ್ನು ಗಾಬರಿಗೊಳಿಸುವ ಚಿಕ್ಕಪ್ಪ, ಈ ದೇಶಕ್ಕೆ ಬಂದ ಹೊಸದರಲ್ಲಿ ತಾವೇ ಸಾಕಷ್ಟು ಗಾಬರಿಯಾಗಿದ್ದರಂತೆ. ಭಾರತದಂಥ ಕಾಮನ್‌ವೆಲ್ತ್ ದೇಶದವರು ಇಲ್ಲಿ ವೋಟು ಹಾಕಬಹುದು ಎಂದು ಗೊತ್ತಾದದ್ದೇ ಮೊದಲ ಆಘಾತ. ‘ಇನ್ನೂರು ವರ್ಷ ನಮ್ಮನ್ನ ಆಳ್ದೋರು, ನಾನ್ ಬಂದ ಆರು ತಿಂಗಳಿಗೇ, ಸ್ವಾಮಿ ನಮ್ಮನ್ನ ಯಾರು ಆಳ್ಬೇಕು ಹೇಳಿ ಅಂತಾರಲ್ಲೇ!’ ಎಂದು ಈಗಲೂ ಹೇಳುತ್ತಿರುತ್ತಾರೆ. ಮತಗಟ್ಟೆಗೆ ಹೋದರೆ ಮುಂದೆ ನಿಂತವನ ಜೊತೆ ಒದ್ದೆ ನಾಯಿ. ಒಳಗೆ ದಾರ ಕಟ್ಟಿದ ಪೆನ್ಸಿಲ್! ‘ರಬ್ಬರ್ ಎಲ್ಲಿಟ್ಟಿದೀರಾ?’ ಎಂದು ಕೇಳಿಯೇಬಿಟ್ಟರಂತೆ. ವೋಟು ಹಾಕಿದ ಮೇಲೆ ಎಡಗೈ ತೋರುಬೆರಳನ್ನು ಮುಂದೆ ಚಾಚಿ ಶಾಯಿಗಾಗಿ ಕಾದರು. ಮತಗಟ್ಟೆಯ ಅಜ್ಜಿ ಆ ಬೆರಳನ್ನು ಸ್ವಲ್ಪ ಹೊತ್ತು ನೋಡಿ, ಮೆಲ್ಲಗೆ ಹಿಡಿದು, ಎರಡು ಸಲ ಕುಲುಕಿ, ನಿಮ್ಮನ್ನು ನೋಡಿ ಸಂತೋಷವಾಯಿತು ಎಂದರಂತೆ.

ಆಮೇಲೊಂದು ಜನಮತಗಣನೆ ಬಂತು. ನಮ್ಮ ಬಡಾವಣೆಯ ಸುತ್ತ ಎಲ್ಲಿ ಮನೆ ಕಟ್ಟಬೇಕು, ಎಲ್ಲಿ ಮರ ಬಿಡಬೇಕು ಎಂಬ ಯೋಜನೆಗೆ ಒಪ್ಪಿಗೆಯೇ? ಹೌದು ಅಥವಾ ಇಲ್ಲ. ಯೋಜನೆ ಎಷ್ಟೋ ನೂರು ಪುಟ. ಬೀದಿಯವರು ಯಾರೂ ಓದಲಿಲ್ಲ. ಚಿಕ್ಕಪ್ಪ ಪೂರ್ತಿ ಓದಿ, ಟೇಪು ಹಿಡಿದು ಬಡಾವಣೆಯನ್ನೇ ಅಳೆದರು. ಟೇಪಿನ ಇನ್ನೊಂದು ತುದಿ ಹಿಡಿದವಳು ನಾನು. ಪಕ್ಕದೂರು ಲೆಮಿಂಗ್ಟನ್ನಿನಲ್ಲಿ ವಿಡಿಯೋ ಗೇಮ್ ಮಾಡುವ ಕೆಲಸದವಳು ಶನಿವಾರ ಚರಂಡಿಯ ಅಗಲ ಅಳೆಯುತ್ತಿದ್ದೆ! ವೋಟು ಹಾಕಿ ಬಂದ ಚಿಕ್ಕಪ್ಪನ ಮುಖ ಕಳೆಕಳೆಯಾಗಿತ್ತು.

‘ಏನ್ ಹಾಕಿದ್ರಿ?’

‘ಹೌದು ಅಂತ ಗುರುತು ಹಾಕ್ದೆ. ಪಕ್ಕದಲ್ಲಿ, ಆದ್ರೆ ಕೆರೆ ಹತ್ರದ ದಾರಿ ಅಗಲ ಸಾಲದು ಅಂತ ನಾಲ್ಕು ಸಾಲು ಬರ್ದೆ. ಕೆಳಗೆ ಸಹಿ ಹಾಕ್ದೆ.’

‘ಅಯ್ಯೋ ರಾಮ! ಸಹಿ ಹಾಕಿದ್ರೆ ವೋಟೇ ಕುಲಗೆಟ್ಟು ಹೋಗತ್ತೆ ಚಿಕ್ಕಪ್ಪ!’

ಅವರು ಕೆಂಡಾಮಂಡಲವಾದರು. ‘ಸಹಿ ಇಲ್ದೆ ಅಭಿಪ್ರಾಯ ಹೇಳೋದು ಮೂಗರ್ಜಿ ಬರ್ದಂಗೆ. ನಮ್ಮ ವಂಶದಲ್ಲೇ ಯಾರೂ ಮೂಗರ್ಜಿ ಬರ್ದಿಲ್ಲ!’

ಇಂಥವರ ಮನೆಗೆ ಹೋದ ವರ್ಷ ಇನ್ನೊಂದು ಸರ್ಕಾರಿ ಕಾಗದ ಬಂತು. ಅದರಲ್ಲಿ ಸಹಿಯನ್ನೇ ಕೇಳಿದ್ದರು.

ಆದದ್ದಿಷ್ಟು. ಕಾಲ್ಚೀಲದ ನಮ್ಮ ಎಂಪಿ ಯಾವುದೋ ಕಂಪನಿಯ ಖರ್ಚಿನಲ್ಲಿ ಮೋಜಿನ ಪ್ರವಾಸ ಮಾಡಿ, ಅದನ್ನು ಮುಚ್ಚಿಟ್ಟು, ಪಾರ್ಲಿಮೆಂಟಿನಲ್ಲಿ ಆ ಕಂಪನಿಯ ಪರವಾಗಿ ಮಾತಾಡಿ ಸಿಕ್ಕಿಬಿದ್ದಿದ್ದ. ಸುದ್ದಿ ಓದಿ ಊರಿಗೆ ಊರೇ ಬೆಪ್ಪಾಯಿತು. ಸದನ ಅವನನ್ನು ಸಸ್ಪೆಂಡ್ ಮಾಡಿತು. ಹಾಗಾದರೆ ಇಲ್ಲಿ ಕ್ಷೇತ್ರದ ಮತದಾರರ ಮುಂದೆ ಒಂದು ಅರ್ಜಿ ಇಡುತ್ತಾರೆ. ಆರು ವಾರದೊಳಗೆ ಹತ್ತರಲ್ಲೊಬ್ಬರು ಸಹಿ ಹಾಕಿದರೆ ಎಂಪಿಯ ಸೀಟು ಹೋಯಿತು, ಮತ್ತೆ ಚುನಾವಣೆ. ನಾನು ಮೊದಲ ದಿನವೇ ಲೈಬ್ರರಿಗೆ ಹೋಗಿ, ಎರಡು ನಿಮಿಷದಲ್ಲಿ ಸಹಿ ಹಾಕಿ, ಆಫೀಸಿಗೆ ಓಡಿದೆ. ಇದರಲ್ಲಿ ಯೋಚಿಸುವಂಥದ್ದು ಏನಿದೆ?

ಚಿಕ್ಕಪ್ಪನಿಗೆ ಇತ್ತು. ಇಲ್ಲಿ ನಗೆಯನ್ನು ಸ್ವಲ್ಪ ಬದಿಗಿಟ್ಟು ಒಂದು ವಿಷಯ ಹೇಳಬೇಕು. ಚಿಕ್ಕಮ್ಮ ಕೊನೆಯ ಸಲ ಆಸ್ಪತ್ರೆ ಸೇರಿದಾಗ, ಮೈಸೂರಿನಲ್ಲಿರುವ ತನ್ನ ತಂಗಿಯನ್ನು ನೋಡಬೇಕೆಂದು ಹಂಬಲಿಸುತ್ತಿದ್ದಳು. ತಂಗಿಗೆ ವೀಸಾ ನಿರಾಕರಿಸಿದ್ದರು. ಚಿಕ್ಕಪ್ಪ ಈ ಎಂಪಿಯ ಬಳಿ ಹೋದರು. ಅವನು ಕಾಗದ ಬರೆದ, ಭಾನುವಾರವೂ ಬಿಡದೆ ಫೋನು ಮಾಡಿದ, ವೀಸಾ ಬರುವ ತನಕ ಅವರಿವರ ಬೆನ್ನು ಹತ್ತಿದ. ತಂಗಿ ಬಂದರು. ಅಕ್ಕತಂಗಿಯರಿಗೆ ಒಟ್ಟಿಗಿರಲು ಹನ್ನೊಂದು ದಿನ ಸಿಕ್ಕಿತು. ಆ ಹನ್ನೊಂದು ದಿನ ಕೊಡಿಸಿದವನ ವಿರುದ್ಧ ಸಹಿ ಹಾಕಿದರೆ ಚಿಕ್ಕಮ್ಮನಿಗೆ ದ್ರೋಹ ಮಾಡಿದಂತಲ್ಲವೇ? ಹಾಕದಿದ್ದರೆ ಸುಳ್ಳುಗಾರನ ಬೆನ್ನಿಗೆ ನಿಂತಂತಲ್ಲವೇ? ಇದು ಚಿಕ್ಕಪ್ಪನ ಪ್ರಶ್ನೆ.

ಅವರ ಸಂಕಟ ಅವರ ರೀತಿಯಲ್ಲೇ ಹೊರಬಂತು. ‘ಸಹಿ ಹಾಕಲ್ಲ ಅನ್ನೋರಿಗೆ ಡಬ್ಬ ಎಲ್ಲಿ?’ ಎಂದು ನನ್ನನ್ನು ಕೇಳಿದರು.

‘ಹಾಕದೆ ಮನೇಲಿದ್ರೆ ಅದೇ ಇಲ್ಲ ಅಂದಂಗೆ ಚಿಕ್ಕಪ್ಪ.’

‘ಹಂಗಾದ್ರೆ ಮುಸುಕು ಹಾಕ್ಕೊಂಡು ಮಲಗಿರೋನೂ, ಯೋಚ್ನೆ ಮಾಡಿ ಮಾಡಿ ತಲೆ ಕೆಟ್ಟಿರೋನೂ ಒಂದೇನಾ? ನಮ್ಮಲ್ಲಿ ನೋಟಾನಾದ್ರೂ ಇದೆ. ಇದ್ಯಾವ ಸೀಮೆ ನ್ಯಾಯ?’

ಎರಡನೇ ವಾರ ಲೈಬ್ರರಿಗೆ ಹೋದರು. ಬಸ್ ಪಾಸಿನ ಫೋಟೋ ತೋರಿಸಿ, ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರು ಗುರುತು ಹಿಡಿಸಿ, ಅರ್ಜಿಯ ಹಾಳೆ ಕೈಗೆ ಬರುವ ಹೊತ್ತಿಗೆ, ‘ಬಂದಿದ್ದೆ, ಯೋಚಿಸಿದೆ, ಈ ದಿನ ಸಹಿ ಹಾಕಿಲ್ಲ ಅಂತ ಬರ್ಕೊಳ್ಳಿ’ ಎಂದರಂತೆ! ಅಲ್ಲಿದ್ದ ಹುಡುಗಿ ಹಾಗೆ ಬರೆದುಕೊಳ್ಳಲು ಅವಕಾಶವಿಲ್ಲ ಎಂದಳು. ಮೂರನೇ ವಾರ ಮತ್ತೆ ಹೋದರು. ನಾಲ್ಕನೇ ವಾರ ಇವರನ್ನು ಕಂಡೊಡನೆ ಆ ಹುಡುಗಿಯೇ ಕುರ್ಚಿ ಹಾಕಿ, ಒಂದು ಲೋಟ ನೀರು ತಂದಿಟ್ಟಳಂತೆ. ನಾನು ಫೋನಿನಲ್ಲಿ ಇದನ್ನು ಕೇಳಿ ಆಫೀಸಿನ ಮೀಟಿಂಗ್ ರೂಮಿನಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತೆ.

ಐದನೇ ವಾರ ಮನೆಯಲ್ಲಿ ಜಗಳವೇ ಆಯಿತು. ನನ್ನ ಗಂಡ ಉಡುಪಿ ಕಡೆಯವರು, ಮೆತ್ತಗಿನ ಮನುಷ್ಯ. ‘ನೀವು ಸಹಿ ಹಾಕ್ಬೇಡಿ ಮಾವ. ಕಷ್ಟಕ್ಕೆ ಆದವರಲ್ವಾ ಮಾರಾಯ್ರೆ’ ಎಂದರು. ನನಗೆ ರೇಗಿತು. ‘ಕಾಗದ ಬರ್ಯೋದು ಅವನ ಕೆಲ್ಸ. ಒಂದು ಉಪಕಾರ ಮಾಡ್ಬಿಟ್ರೆ ಮೋಸ ಎಲ್ಲ ಮಾಫಾ?’ ಎಂದು ಜೋರಾಗಿಯೇ ಅಂದೆ. ಚಿಕ್ಕಪ್ಪ ವಾದಕ್ಕೆ ಬರುತ್ತಾರೆಂದು ಕಾದೆ. ಅವರು ಎದ್ದು ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದರು. ನನ್ನ ನಾಲಿಗೆಯ ಬಗ್ಗೆ ನನಗೇ ನಾಚಿಕೆಯಾಯಿತು.

ಕೊನೆಯ ದಿನದ ಬೆಳಿಗ್ಗೆ ನನ್ನನ್ನು ಕರೆಸಿ, ಮೈಸೂರಿಗೆ ಫೋನು ಹಚ್ಚು ಅಂದರು. ಆ ಹನ್ನೊಂದು ದಿನ ಅವರೊಬ್ಬರದೇ ಅಲ್ಲವಲ್ಲ, ಇನ್ನೊಬ್ಬರ ಒಪ್ಪಿಗೆ ಬೇಡವೇ? ನಾದಿನಿಗೆ ಎಲ್ಲವನ್ನೂ ಹೇಳಿದರು. ಪ್ರವಾಸ, ಸಸ್ಪೆನ್ಷನ್, ಹತ್ತರಲ್ಲೊಂದು, ಒಂದನ್ನೂ ಬಿಡಲಿಲ್ಲ. ಫೋನು ಸ್ಪೀಕರಿನಲ್ಲಿತ್ತು.

‘ಭಾವ’ ಅಂದರು ಅವರು, ‘ಆ ಪುಣ್ಯಾತ್ಮನಿಂದ ನಾನು ಅಕ್ಕಂಗೆ ಹನ್ನೊಂದು ದಿನ ತಲೆ ಬಾಚ್ದೆ. ಅದಕ್ಕೆ ದಿನಾ ದೀಪ ಹಚ್ಚೋವಾಗ ಅವನ ಹೆಸರು ಹೇಳ್ತೀನಿ, ಮುಂದೂ ಹೇಳ್ತೀನಿ. ಆದ್ರೆ ಅಕ್ಕ ಇದ್ದಿದ್ರೆ ಇಷ್ಟು ದಿನ ಕಾಯ್ತಿದ್ಲಾ? ಮೊದಲ್ನೇ ದಿನಾನೇ ಹೋಗಿ ಸಹಿ ಹಾಕಿರೋಳು. ಸುಳ್ಳು ಹೇಳಿದ್ರೆ ನಮ್ಮಪ್ಪನ್ನೇ ಬಿಟ್ಟೋಳಲ್ಲ ಅವ್ಳು.’

ಚಿಕ್ಕಪ್ಪ ಫೋನಿಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ನಾನು ರಜೆ ಹಾಕಿ ಕಾರು ತೆಗೆದೆ. ಲೈಬ್ರರಿಯಲ್ಲಿ ಸಹಿ ಹಾಕಿದರು. ಯಾವ ಟಿಪ್ಪಣಿಯನ್ನೂ ಬರೆಯಲಿಲ್ಲ. ಸದ್ಯ, ಮುಗಿಯಿತಪ್ಪ ಎಂದು ನಾನು ಮನೆಯ ಕಡೆ ತಿರುಗಿಸಿದರೆ, ‘ಎಂಪಿ ಆಫೀಸಿಗೆ ಬಿಡು’ ಅಂದರು.

‘ಯಾಕೆ?’

‘ಸಹಿ ಹಾಕಿದೀನಿ ಅಂತ ಹೇಳಕ್ಕೆ.’

‘ಚಿಕ್ಕಪ್ಪ, ಅದು ಗುಟ್ಟಾಗಿಡೋದು! ಯಾರೂ ಯಾರಿಗೂ ಹೇಳ್ಬೇಕಿಲ್ಲ!’

‘ಹೇಳ್ಬೇಕಿಲ್ಲ, ಸರಿ. ಅಲ್ಲಿ ಹೋಗಿ ಬೇಡಿದ್ದು ನಾನೇ ತಾನೆ? ಇದನ್ನೂ ನಾನೇ ಹೋಗಿ ಹೇಳ್ಬೇಕು.’

ಆಫೀಸಿನಲ್ಲಿ ಎಂಪಿ ಒಬ್ಬನೇ ಪೆಟ್ಟಿಗೆಗಳಿಗೆ ಕಾಗದ ತುಂಬುತ್ತಿದ್ದ. ಸೀಟು ಹೋಗುವುದು ಎಣಿಕೆಗೆ ಮುಂಚೆಯೇ ಅವನಿಗೆ ಗೊತ್ತಾಗಿತ್ತೆಂದು ಕಾಣುತ್ತದೆ. ಚಿಕ್ಕಪ್ಪ ನಿಂತೇ, ತಮ್ಮ ಮೈಸೂರು ಇಂಗ್ಲಿಷಿನಲ್ಲಿ ಹೇಳಿದರು: ‘ನಿಮ್ಮ ವಿರುದ್ಧ ಈಗತಾನೇ ಸಹಿ ಹಾಕಿ ಬಂದೆ. ನೀವು ಮಾಡಿದ್ದು ತಪ್ಪು. ನಿಮ್ಮಿಂದ ನನ್ನ ಹೆಂಡತಿ ತಂಗಿಯ ಕೈ ಹಿಡಿದುಕೊಂಡು ಹೋದಳು. ಅದನ್ನು ನಾನು ಮರೆತಿಲ್ಲ. ಎರಡನ್ನೂ ಹೇಳಬೇಕಿತ್ತು.’

ನಾನು ನೆಲ ನೋಡುತ್ತಾ ನಿಂತಿದ್ದೆ. ಇನ್ನೇನು ಬಾಗಿಲು ತೋರಿಸುತ್ತಾನೆ ಅಂದುಕೊಂಡೆ. ಅವನು ಕೈಲಿದ್ದ ಕಾಗದ ಕೆಳಗಿಟ್ಟ. ಕಣ್ಣು ಕೆಂಪಾಗಿತ್ತು. ‘ಎಷ್ಟು ದಿನ ಸಿಕ್ಕಿತು ಅವರಿಗೆ?’ ಎಂದು ಕೇಳಿದ.

‘ಹನ್ನೊಂದು.’

‘ನಾನು ಎರಡು ದಿನ ಮೊದಲೇ ಫೋನು ಮಾಡಬಹುದಿತ್ತು’ ಎಂದ ಅವನು. ‘ತಡ ಮಾಡಿದೆ. ಕ್ಷಮಿಸಿ.’

ಚಿಕ್ಕಪ್ಪ ತಲೆಯಾಡಿಸಿ, ಅವನ ಕೈ ಕುಲುಕಿ, ಹೊರಗೆ ಬಂದು ಕಾರಿನಲ್ಲಿ ಕೂತರು. ಚಿಕ್ಕಮ್ಮ ಹೋದ ದಿನ ನಾವೆಲ್ಲ ಅಳುತ್ತಿದ್ದಾಗ ಈ ಮನುಷ್ಯ ಆಸ್ಪತ್ರೆಯ ಫಾರಂಗಳನ್ನು ಒಂದೊಂದೇ ಸಾಲು ಓದಿ ತುಂಬುತ್ತಿದ್ದರು. ಇದೆಂಥ ಕಲ್ಲುಮನಸ್ಸು ಎಂದು ಅಂದು ನಾನು ಆಘಾತಗೊಂಡಿದ್ದೆ. ಈಗ ಅವರು ಸೀಟ್ ಬೆಲ್ಟ್ ಎಳೆದು, ಸಿಕ್ಕಿಸದೆ ಹಾಗೇ ಬಿಟ್ಟರು.

‘ಹನ್ನೊಂದರ ಬದ್ಲು ಹದಿಮೂರು ದಿನ ಸಿಕ್ಕಿರೋದು ಕಣೇ’ ಎಂದರು, ಹೇಳಿ ಜೋರಾಗಿ ಅಳತೊಡಗಿದರು.