ಯಜಮಾನರ ಸಮಾಧಿಗೆ ಹಿಡಿದ ಜಂಗು

ಸುರಪುರದಲ್ಲಿ ನಮ್ಮ ಮನೆತನಕ್ಕೆ ಐದು ತಲೆಮಾರಿನ ಹೆಸರಿದೆ. ಹಿರಿಯರು ಊರಿನ ನ್ಯಾಯ ಹೇಳಿದವರು. ನಾನು ಕಲಬುರಗಿಯ ಕಾನ್ವೆಂಟಿನಲ್ಲಿ ಓದಿದವಳು ಎಂದೇ ಸೊಸೆಯಾಗಿ ತಂದರು. ಇಂಥ ಮನೆಗೂ ನಗೆಪಾಟಲು ತಪ್ಪುವುದಿಲ್ಲ. ಯಜಮಾನರು ತೀರಿಕೊಂಡ ಮೇಲೆ ಅದು ಹೆಚ್ಚೇ ಆಗಿದೆ, ಅದೂ ಒಂದು ಉಕ್ಕಿನ ಫಲಕದಿಂದ.

ವೆಲ್ಡರನ ಮಾತು

ಹೊಲದಲ್ಲಿರುವ ಅವರ ಸಮಾಧಿಗೆ ವೆದರಿಂಗ್ ಸ್ಟೀಲಿನ ಫಲಕ ಮಾಡಿಸಿದೆ. ಈ ಉಕ್ಕಿಗೆ ಬಣ್ಣ ಬೇಡ. ಮಳೆಗೆ ನೆನೆದು ಬಿಸಿಲಿಗೆ ಒಣಗಿ ತುಕ್ಕು ಹಿಡಿಯುತ್ತದೆ. ಕೆಲವು ವರ್ಷಗಳಲ್ಲಿ ಆ ತುಕ್ಕೇ ಗಟ್ಟಿ ಪದರವಾಗಿ ಒಳಗಿನ ಉಕ್ಕನ್ನು ಕಾಯುತ್ತದೆ. ಫಲಕ ನಿಲ್ಲಿಸಲು ಶಹಾಪುರದಿಂದ ಬಂದ ವೆಲ್ಡರನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ.

"ಜಂಗು ಹಿಡಿದ್ರ ಕಬ್ಬಿಣ ಉಳೀತದ ಅಂತೀರಿ," ಎಂದ. "ಹಂಗಾದ್ರ ನನ್ನ ಮೋಟರ್ ಸೈಕಲ್ಲಿಗೆ ಸಾವಿಲ್ಲ ಬಿಡ್ರಿ, ಅಮ್ಮಾರ."

ಮೊದಲ ಮಳೆಗಾಲ

ಫಲಕದಿಂದ ಕೆಂಪು ನೀರಿಳಿದು ಸಮಾಧಿಯ ಕಟ್ಟೆಯೆಲ್ಲ ಕಲೆಯಾಯಿತು. ಯಜಮಾನರ ಸೋದರತ್ತೆ ಬಂದು ಫಲಕಕ್ಕೆ ಕೈಯೂರಿ ಅತ್ತರು, ಆಮೇಲೆ ಆ ಕೈಯನ್ನು ತಮ್ಮ ಬಿಳಿ ಸೀರೆಗೆ ಒರೆಸಿಕೊಂಡರು. ಸೀರೆ ನೋಡಿದ್ದೇ ಅಳು ನಿಂತಿತು.

"ಇದ್ದಾಗ ಯಾರನ್ನೂ ಹತ್ರ ಬಿಟ್ಟುಕೊಳ್ಳಲಿಲ್ಲ. ಈಗ ಮುಟ್ಟಿದವ್ರಿಗೆಲ್ಲ ಹತ್ತಾಕತ್ತಾನ ನೋಡವ್ವ."

ನಾನು ನಗಲಿಲ್ಲ. ಕಾದೆ. ಮೂರನೆಯ ಮಳೆಗಾಲಕ್ಕೆ ಫಲಕ ಹುಣಸೆಬೀಜದ ಬಣ್ಣಕ್ಕೆ ಬಂತು. ಮುಟ್ಟಿದರೆ ಕೈಗೆ ಏನೂ ಹತ್ತುತ್ತಿರಲಿಲ್ಲ.

ಮೈದುನನ ಸೇವೆ

ಈ ವರ್ಷದ ಪುಣ್ಯಸ್ಮರಣೆಗೆ ಬಂಧುಗಳೊಡನೆ ಹೊಲಕ್ಕೆ ಹೋದೆ. ಫಲಕ ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು. ಮೂರು ವರ್ಷ ಅತ್ತ ಸುಳಿಯದಿದ್ದ ಮೈದುನ ಪಕ್ಕದಲ್ಲಿ ನಿಂತಿದ್ದ.

"ಯಾದಗಿರಿಯಿಂದ ಮಂದಿ ಬರ್ತಾರ, ವೈನಿ. ಅಣ್ಣನ ಸಮಾಧಿಗೆ ಜಂಗು ಹಿಡದದ ಅಂದ್ರ ಮನಿ ಮರ್ಯಾದಿ ಏನಾಗಬೇಕು? ಪಾಲಿಶ್ ಪೇಪರ್ ಹಾಕಿ ತಿಕ್ಕಿಸಿ ಬೆಳ್ಳಿ ಬಣ್ಣ ಹೊಡಿಸೀನಿ."

"ಹೆಸರೆಲ್ಲಿ?" ಎಂದೆ.

ಯಜಮಾನರ ಹೆಸರನ್ನು ನಾನೇ ಬರೆದುಕೊಟ್ಟು, ಆಚೆಯ ಬೆಳಕು ಕಾಣುವಂತೆ ಫಲಕದ ಆರಪಾರ ಕೊರೆಸಿದ್ದೆ. ಕಾನ್ವೆಂಟಿನಲ್ಲಿ ಕಲಿತ, ಕೂಡಿಸಿ ಬರೆಯುವ ಇಂಗ್ಲಿಷ್ ಅಕ್ಷರಗಳು.

"ಅದು ಹೆಸರಿತ್ತೇನು? ಜಂಗು ತಿಂದು ತೂತು ಬಿದ್ದಾವ ಅಂತ ಪುಟ್ಟಿ ಮೆತ್ತಿಸಿ ಮುಚ್ಚಿಸೀನಿ. ಹುಳ ಹರಿದಾಡಿದಂಗಿತ್ತು, ವೈನಿ."

ಬಂದ ಹೆಂಗಸರೆಲ್ಲ ಸೆರಗನ್ನು ಬಾಯಿಗಿಟ್ಟುಕೊಂಡರು. ಅಳುವುದಕ್ಕಲ್ಲ.

ಬಣ್ಣ, ಪುಟ್ಟಿ ಎರಡನ್ನೂ ಕೆರೆಸಿ ತೆಗೆಸಿದ್ದೇನೆ. ತುಕ್ಕಿನ ಆ ಪದರ ಮತ್ತೆ ಕಟ್ಟಲು ಮೂರು ಮಳೆಗಾಲ ಬೇಕು. ಅಷ್ಟು ನನಗೆ ಉಳಿದಿವೆಯೋ ಇಲ್ಲವೋ ತಿಳಿಯದು. ಮೈದುನ ಅದೇ ಮಂದಿಯ ಮುಂದೆ, ಅದೇ ಜಾಗದಲ್ಲಿ ನಿಂತು, ನನ್ನ ಕ್ಷಮೆ ಕೇಳಬೇಕು.